ಕೊಬ್ರಿಗೆ ಹುರ್ಳಿ ರಕ್ತ

ಶಾಗ್ಯ
9 ಜೂನ್ 2025, ಸೋಮವಾರ

ಲೇ ಜ್ಯೋತಿ,

ಕಾಗ್ದ ನೋಡಿ ನಗಬೇಡ. ಇನ್ನೇನು ಮಾಡ್ಲಿ ಹೇಳು? ವಾಟ್ಸಾಪಲ್ಲಿ ಬ್ಲಾಕು, ಇನ್‌ಸ್ಟಾದಲ್ಲಿ ಬ್ಲಾಕು. ನಾವಿಬ್ರೇ ಶುರು ಮಾಡಿದ ನಾಯಿ ಗ್ರೂಪಿಂದ್ಲೂ ನನ್ನ ತೆಗ್ದು ಹಾಕಿದ್ದೀಯ, ಅದೂ ಅಡ್ಮಿನ್ ಆಗಿದ್ದೋಳ್ನ! ಅಣ್ಣನ ಫೋನಿಂದ ಮಾಡ್ದೆ, ನನ್ನ ದನಿ ಕೇಳ್ತಿದ್ದಂಗೇ ಕಟ್ ಮಾಡ್ಬಿಟ್ಟೆ. ಅದಕ್ಕೇ ಹನೂರಿಂದ ಯಳಂದೂರಿಗೆ ಬರೋ ಬಸ್ಸಿನ ಕಂಡಕ್ಟರ್ ಸ್ವಾಮಣ್ಣನ ಕೈಲಿ ಈ ಕಾಗ್ದ. "ಏನವ್ವ ಇದು, ನಮ್ ತಾತನ ಕಾಲ್ದಂಗೆ?" ಅಂತ ಅವ್ರೂ ನಕ್ರು.

ತಮಾಷೆ ಇಲ್ಲಿಗೆ ಮುಗೀತು. ಕೊಬ್ರಿ ಸಾಯ್ತಾ ಅವಳೆ ಕಣೇ.

ಶುಕ್ರವಾರ ಮೂಗಲ್ಲಿ ರಕ್ತ ಬಂತು. ಎಲ್ಲೋ ಗುದ್ದಿಸ್ಕೊಂಡವಳೆ ಅನ್ಕೊಂಡೆ. ಶನಿವಾರ ನೋಡಿದ್ರೆ ಬಿಳೀ ಹೊಟ್ಟೆ ತುಂಬ ಕೆಂಪು ಚುಕ್ಕಿ, ರಾಗಿ ಚೆಲ್ಲಿದಂಗೆ. ಒಸಡು ಬಿಳಿಚ್ಕೊಂಡದೆ. ಕೊಳ್ಳೇಗಾಲಕ್ಕೆ ಎತ್ಕೊಂಡು ಓಡ್ದೆ. ಅಲ್ಲಿ ಶಿವರುದ್ರಸ್ವಾಮಿ ಅಂತ ನಾಯಿ ಡಾಕ್ಟ್ರು ಅವ್ರೆ. ರಕ್ತ ಪರೀಕ್ಷೆ ಮಾಡಿ "ಉಣ್ಣೆ ಜ್ವರ, ಪ್ಲೇಟ್‌ಲೆಟ್ಟು ಆರು ಸಾವಿರ" ಅಂದ್ರು. ಚೆನ್ನಾಗಿರೋ ನಾಯಿಗೆ ಎರಡು ಲಕ್ಷದ ಮೇಲಿರಬೇಕಂತೆ.

ಅವ್ರು ಹೇಳಿದ್ದನ್ನ ನನ್ನ ತಲೆಗೆ ಹೋದಂಗೆ ಹೇಳ್ತೀನಿ. ಮೈಯೊಳಗಿನ ರಕ್ತ ಒಂದು ದೊಡ್ಡ ಗ್ರೂಪು ಅನ್ಕೋ. ಪ್ಲೇಟ್‌ಲೆಟ್ಟು ಅಂದ್ರೆ ಗಾಯಕ್ಕೆ ಮುಚ್ಚಳ ಅಂತಷ್ಟೇ ನಾವು ಓದಿದ್ದಲ್ವಾ? ಅವು ಮೆಸೇಜೂ ಹಾಕ್ತವಂತೆ. ಏನಾದ್ರೂ ಒಳಗೆ ನುಗ್ಗಿದ್ರೆ ಬಿಳಿ ಕಣದ ಮೈಗೆ ಹೋಗಿ ಅಂಟ್ಕೊಂಡು "ಏಳು, ಏಳು" ಅಂತ ಎಬ್ಬಿಸ್ತವಂತೆ. ಬಿಳಿ ಕಣ ಅಡ್ಮಿನ್ನು. ಈಗ ಉಣ್ಣೆ ಕಚ್ಚಿ ಬಂದ ಕ್ರಿಮಿ ದೆಸೆಯಿಂದ ಅಡ್ಮಿನ್‌ಗೆ ತಲೆ ಕೆಟ್ಟದೆ. ಸುದ್ದಿ ತಂದೋರ್ನೇ ಕಳ್ಳರು ಅಂತ ಹಿಡಿದು ನುಂಗ್ತಾ ಅದೆ. ನಮ್ಮ ಕೊಬ್ರೀನ ಹೊರಗಿನೋರು ಯಾರೂ ಕೊಲ್ತಿಲ್ಲ ಜ್ಯೋತಿ. ಅವಳ ಮೈಯೇ ಅವಳನ್ನ ತಿಂತಾ ಅದೆ.

ಮಾತ್ರೆ ಶುರು ಆಗ್ಯದೆ. ಅದು ಹಿಡಿಯಕ್ಕೆ ನಾಲ್ಕೈದು ದಿನ ಬೇಕಂತೆ. ಅಲ್ಲೀವರೆಗೂ ಜೀವ ನಿಲ್ಲಬೇಕಾದ್ರೆ ಇನ್ನೊಂದು ನಾಯಿ ರಕ್ತ ಬೇಕು. ಇಪ್ಪತ್ತೈದು ಕೆಜಿ ಮೇಲಿರಬೇಕು, ಉಣ್ಣೆ ಜ್ವರ ಬಂದಿರಬಾರ್ದು, ಇಂಜೆಕ್ಷನ್ ಕಾರ್ಡ್ ಇರಬೇಕು. ಎಲ್ಲಾ ಕಡೆ ಕೇಳ್ದೆ. ರಾಮಾಪುರದಲ್ಲಿ ಮಾವನ ನಾಯಿಗೆ ಹೋದ್ವರ್ಷವೇ ಜ್ವರ ಬಂದಿತ್ತು. ಪಕ್ಕದ್ಮನೇದು ಹದಿನಾಲ್ಕೇ ಕೆಜಿ. ತೋಟದ್ಮನೆ ನಾಯಿ ದಪ್ಪಗದೆ, ಆದ್ರೆ ಕಾರ್ಡಿಲ್ಲ, ಹತ್ರ ಹೋದ್ರೆ ನಮ್ದೇ ರಕ್ತ ತೆಗೀತದೆ.

ನಿನ್ನ ನಾಯಿ ಹುರ್ಳಿಯ ಕಾರ್ಡನ್ನ ನೀನು ಆಧಾರ್ ಕಾರ್ಡಿಗಿಂತ ಜೋಪಾನವಾಗಿ ಇಟ್ಟಿದ್ದೀಯ ಅಂತ ನಂಗೊತ್ತು. ಕಾಲೇಜ್ ಹಿಂದೆ ಒಂದೇ ಗೋಣಿಚೀಲದಲ್ಲಿ ಸಿಕ್ಕಿದ ಎರಡು ಮರಿ ಅವು. ಕರೀದು ನಂಗೆ, ಕಂದು ನಿಂಗೆ ಅಂತ ಹಂಚ್ಕೊಂಡ್ವಿ. ಒಡಹುಟ್ಟೇ ಆಗಬೇಕಂತ ಇಲ್ಲ ಅಂದ್ರು ಡಾಕ್ಟ್ರು. ನಂಗೆ ಮಾತ್ರ ಅವನು ಬಂದ್ರೆ ಅವಳು ಉಳೀತಾಳೆ ಅನ್ನಿಸ್ತದೆ. ಅವನ ತೂಕ ಈಗೆಷ್ಟು?

ಬೈದಾದ್ರೂ ಬರಿ. ಸ್ವಾಮಣ್ಣ ಸಾಯಂಕಾಲ ವಾಪಸ್ ಬರೋವಾಗ ಹನೂರು ಬಸ್ ಸ್ಟ್ಯಾಂಡಲ್ಲಿ ಕಾಯ್ತಿರ್ತೀನಿ.

ಭವ್ಯ


ಯಳಂದೂರು
10 ಜೂನ್

ಭವ್ಯಶ್ರೀ ಅವ್ರಿಗೆ,

ಆರು ತಿಂಗ್ಳಾದ್ಮೇಲೆ ನಿನ್ ಕಾಗ್ದ. ಎಂಗಿದ್ದೀಯ ಜ್ಯೋತಿ ಅಂತ ಒಂದ್ ಸಾಲಿಲ್ಲ, ಹುರ್ಳಿ ತೂಕ ಕೇಳಿದ್ದೀಯ. ಇಪ್ಪತ್ತೇಳು ಕೆಜಿ. ಕಾರ್ಡೂ ಅದೆ. ಸಾಕಾ?

ಅವ್ನೇನು ನೀರಿನ ಟ್ಯಾಂಕಾ, ನಲ್ಲಿ ತಿರುಗ್ಸಿ ಬಿಂದ್ಗೆ ಇಡಕ್ಕೆ? ಎಷ್ಟ್ ರಕ್ತ ತೆಗೀತಾರೆ? ಎಲ್ಲಿಂದ ತೆಗೀತಾರೆ? ಅವ್ನಿಗೇನಾದ್ರೂ ಆದ್ರೆ ಯಾರ್ ಜವಾಬ್ದಾರಿ? ಅದೊಂದೂ ಬರ್ದಿಲ್ಲ. ಗ್ರೂಪು, ಅಡ್ಮಿನ್ನು ಅಂತ ಕತೆ ಮಾತ್ರ ಚೆನ್ನಾಗ್ ಬರ್ದಿದ್ದೀಯ.

ಒಂದೂವರೆ ಗಂಟೆ ಬಸ್ಸು. ಬಂದು ಕೇಳಕ್ಕೆ ಮಕ ಇರ್ನಿಲ್ವಾ?

ಡಿಸೆಂಬರಲ್ಲಿ ನಿಮ್ಮನೆಯಿಂದ ಅರ್ಧ ಕಾಫಿ ಬಿಟ್ಟು ಎದ್ದು ಬಂದೋಳು ನಾನು. ಯಾಕೆ ಅಂತ ನೀನು ಇವತ್ತಿನವರ್ಗೂ ಕೇಳ್ನಿಲ್ಲ. ಗೊತ್ತಿಲ್ದೆ ಕೇಳ್ನಿಲ್ವಾ, ಗೊತ್ತಿದ್ದೇ ಕೇಳ್ನಿಲ್ವಾ?

ಇನ್ನೊಂದು. ನಮ್ಮನೆ ನಾಯಿ ರಕ್ತ ನಿಮ್ಮನೆ ನಾಯಿ ಮೈಯೊಳಿಕ್ಕೆ ಬಂದ್ರೆ ನಡೀತದಾ ಅಂತ ನಿಮ್ಮಜ್ಜೀನ ಕೇಳ್ಕಂಡು ಬರಿ. ತಮಾಷೆಗೆ ಕೇಳ್ತಿಲ್ಲ ನಾನು.

ಜ್ಯೋತಿಲಕ್ಷ್ಮಿ


ಕೊಳ್ಳೇಗಾಲ, ಡಾಕ್ಟ್ರ ಕ್ಲಿನಿಕ್ಕು
11 ಜೂನ್, ಬೆಳಿಗ್ಗೆ

ಜ್ಯೋತಿ,

ಕೇಳ್ದೆ ಅಜ್ಜೀನ.

ಪೂಜೆಗೆ ಹೂ ಬಿಡಿಸ್ತಾ ಕೂತಿದ್ರು. "ಅಜ್ಜಿ, ಜ್ಯೋತಿ ನಾಯಿ ರಕ್ತ ಕೊಬ್ರಿಗೆ ಹಾಕಿಸ್ಬೇಕು" ಅಂದೆ.

"ಯಾವ ಜ್ಯೋತಿ?"

"ಡಿಸೆಂಬರಲ್ಲಿ ಬಂದಿದ್ಲಲ್ಲ. ಪೇಪರ್ ಲೋಟದಲ್ಲಿ ಕಾಫಿ ಕೊಟ್ರಲ್ಲ, ಅವಳು."

ಅಜ್ಜಿ ತಲೆ ಎತ್ತಲಿಲ್ಲ. "ನಾಯಿಗೇನವ್ವ, ಎಲ್ಲಾ ಆಯ್ತದೆ" ಅಂದ್ರು.

ಅಲ್ಲೇ ಏನಾದ್ರೂ ಅನ್ನಬೇಕಿತ್ತು ನಾನು. ಅನ್ನಲಿಲ್ಲ. ಬಸ್ ಹತ್ತಿ ಇಲ್ಲಿಗೆ ಬಂದು ನಿಂಗೆ ಬರೀತಾ ಇದ್ದೀನಿ.

ಗೊತ್ತಿತ್ತು ಕಣೇ. ನಮಗೆಲ್ಲ ಸ್ಟೀಲ್ ಲೋಟ, ನಿಂಗೊಬ್ಳಿಗೇ ಪೇಪರು. ನಾನು ನೋಡ್ದೆ. ನೀನು ನನ್ನ ಮುಖ ನೋಡಿದ್ದೂ ನೋಡ್ದೆ. ಆಮೇಲೆ ನಾನು ಫೋನ್ ತೆಗ್ದು ನೋಡ್ಕೊಂಡು ಕೂತೆ. ನಮ್ಮ ಪಡಸಾಲೇಲಿ ನೆಟ್‌ವರ್ಕೇ ಬರಲ್ಲ ಅಂತ ನಿಂಗೂ ಗೊತ್ತು. ಏನೂ ಇಲ್ದಿರೋ ಸ್ಕ್ರೀನ್ ನೋಡ್ತಿದ್ದೆ. ಸಾರಿ ಅನ್ನೋದು ಚಿಕ್ಕ ಮಾತು, ಅದಕ್ಕೆ ಬರೀಲಿಲ್ಲ ಇಷ್ಟು ದಿನ. ಇದೂ ಸುಳ್ಳು. ನಾಚಿಕೆಗೆ ಬರೀಲಿಲ್ಲ.

ನೀನು ಕೇಳಿದ್ದಕ್ಕೆಲ್ಲ ಉತ್ರ: ಕತ್ತಿನ ನರದಿಂದ ತೆಗೀತಾರೆ. ನಾನೂರು ಎಂ.ಎಲ್. ದಾಟಲ್ಲ. ಕಾಲು ಗಂಟೆ ಕೆಲ್ಸ. ಮೊದ್ಲು ಹುರ್ಳಿದೇ ರಕ್ತ ಪರೀಕ್ಷೆ ಮಾಡ್ತಾರೆ, ಸ್ವಲ್ಪ ಅನುಮಾನ ಬಂದ್ರೂ ಮುಟ್ಟಲ್ಲ. ಒಂದು ತಿಂಗ್ಳೊಳಗೆ ಮೈ ತುಂಬ್ಕೊಳ್ತದೆ. ಹಾಕಿದ ರಕ್ತದಲ್ಲಿರೋ ಪ್ಲೇಟ್‌ಲೆಟ್ಟನ್ನೂ ಅವಳ ಬಿಳಿ ಕಣ ಕೆಲವೇ ಗಂಟೇಲಿ ನುಂಗ್ಬಿಡ್ತದಂತೆ, ಅದೂ ನಿಜ ಹೇಳ್ಬಿಡ್ತೀನಿ. ಆದ್ರೆ ಕೆಂಪು ರಕ್ತ ಉಳೀತದೆ. ಅಷ್ಟು ದಿನ ತಳ್ಳಿದ್ರೆ ಮಾತ್ರೆ ಹಿಡೀತದೆ.

ಇವತ್ತು ನಾಲ್ಕು ಸಾವಿರಕ್ಕಿಳಿದದೆ. ಉಚ್ಚೇಲೂ ರಕ್ತ. ಕುರ್ಚಿ ಕಾಲಿಗೆ ಸುಮ್ನೆ ತಾಗಿದ್ದಕ್ಕೆ ತೊಡೆಯೆಲ್ಲ ನೀಲಿಗಟ್ಟದೆ. ಮುಟ್ಟಿ ಸಮಾಧಾನ ಮಾಡೋಕೂ ಭಯ ನಂಗೆ.

ನನ್ನ ಕ್ಷಮಿಸ್ಬೇಡ. ನಾಯಿ ಮಾತ್ರ ಕರ್ಕೊಂಡು ಬಾ.

ಭವ್ಯ


ಯಳಂದೂರು
11 ಜೂನ್, ಸಂಜೆ

ನಾಳೆ ಬೆಳಿಗ್ಗೆ ಎಂಟ್ ಗಂಟೆಗೆ, ಚಿಕ್ಕಪ್ಪನ ಗೂಡ್ಸ್ ಆಟೋಲಿ ಬತ್ತೀವಿ. ನಾನು ಬತ್ತಿರಾದು ಕೊಬ್ರಿಗೆ. ನನ್ ಜೊತೆ ಮಾತಾಡ್ಬೇಡ. ಸೂಜಿ ಚುಚ್ಚೋವಾಗ ಹುರ್ಳಿ ತಲೆ ನಾನೇ ಇಡ್ಕತೀನಿ, ಬೇರೆ ಯಾರೂ ಮುಟ್ಬಾರ್ದು ಅಂತ ಡಾಕ್ಟ್ರಿಗೆ ಏಳು.

ಜ್ಯೋತಿ


ಶಾಗ್ಯ
2 ಜುಲೈ

ಲೇ ಜ್ಯೋತಿ,

ಪ್ಲೇಟ್‌ಲೆಟ್ಟು ಒಂದು ಲಕ್ಷದ ಅರವತ್ತೆರಡು ಸಾವಿರ!!! ಕೆಳಗೆ ಹತ್ತು ಡ್ಯಾನ್ಸ್ ಇಮೋಜಿ ಬರೆಯೋಣ ಅಂತಿದ್ದೆ, ಪೆನ್ನಲ್ಲಿ ಬರಲ್ಲ.

ಅವತ್ತು ನೀನು ಒಂದು ಮಾತೂ ಆಡ್ಲಿಲ್ಲ. ಆದ್ರೆ ಹುರ್ಳಿ ಕತ್ತಿಗೆ ಸೂಜಿ ಹೋದಾಗ ಅವನ ಕಿವೀಲಿ "ನಿಮ್ಮಕ್ಕನಿಗೆ ಕಣ್ಲಾ, ಒಂದ್ ಗಳಿಗೆ ತಡ್ಕ" ಅಂದ್ಯಲ್ಲ, ಕೇಳಿಸ್ತು. ಅಕ್ಕ ಅಂತ ಹೆಂಗೆ ಗೊತ್ತಾಯ್ತು ನಿಂಗೆ? ತಂಗಿನೂ ಆಗಿರ್ಬೋದು.

ಕೊಬ್ರಿ ಈಗ ರಾಕ್ಷಸಿ. ಮಾತ್ರೆಗೆ ಹೊಟ್ಟೆ ಹಸಿವು ಅಂದ್ರೆ ಹಸಿವು. ಮುದ್ದೆ ಸಾಲ್ದೆ ಹಿತ್ತಲ ಹೀರೇಕಾಯೀನೂ ತಿಂದವಳೆ. ಬಿಂದ್ಗೆಗಟ್ಲೆ ನೀರು ಕುಡೀತಾಳೆ, ಕೂತಲ್ಲಿ ಉಚ್ಚೆ. ಅಜ್ಜಿ ದಿನಾ ರೇಗ್ತಾರೆ. ಹೊಟ್ಟೆ ಊದಿ ಬಸ್ರಿ ಥರ ಕಾಣ್ತಾಳೆ. ಊರೋರು ಬಂದು "ಪರಂಗಿ ಎಲೆ ರಸ ಕುಡಿಸು" ಅಂತಾರೆ.

ಡಾಕ್ಟ್ರು ಈ ಮಾತ್ರೇನ ತಿಂಗ್ಳುಗಟ್ಲೆ ಕೊಡಬೇಕು, ಅರ್ಧ, ಕಾಲು ಅಂತ ನಿಧಾನಕ್ಕೆ ಇಳಿಸ್ಬೇಕು ಅಂದವ್ರೆ. ಅಷ್ಟೊಂದು ಯಾಕೋ.

ಬ್ಲಾಕ್ ತೆಗೀತೀಯಾ? ಕೇಳ್ದೆ ಅಷ್ಟೇ.

ನಿನ್ನ (ಅಂತ ಬರೀಬೋದಾ?)
ಭವ್ಯ


ಯಳಂದೂರು
6 ಜುಲೈ

ಭವ್ಯಾ,

ತೆಗಿಯದಿಲ್ಲ. ಕಾಗ್ದನೇ ಚೆನ್ನಾಗದೆ. ಬ್ಲೂ ಟಿಕ್ಕು ಇಲ್ಲ, "ಟೈಪಿಂಗ್" ಅಂತ ತೋರ್ಸಿ ಏನೂ ಬರೀದೆ ಓಗೋ ನಿನ್ ಚಾಳೀನೂ ಇಲ್ಲ.

ನಿನ್ ಕಾಗ್ದ ಓದಿ ಹುರ್ಳಿಗೆ ಎರಡ್ ಮೊಟ್ಟೆ ಬೇಯ್ಸಾಕ್ದೆ. ನಮ್ಮವ್ವ ಪುಟ್ಟಮಾದಮ್ಮ "ರಕ್ತ ಕೊಟ್ಟವ್ನೆ, ಪಾಪ, ಇನ್ನೊಂದಾಕು" ಅಂತು.

ಒಂದ್ ಮಾತು. ಆ ಮಾತ್ರೆ ಸ್ಟೀರಾಯ್ಡು ಕಣೆ. ಮೂಳೆ ತಿಂದಾಕ್ತದೆ. ನನ್ ತಮ್ಮ ಮಹದೇವುಗೆ ಡೆಂಗ್ಯೂ ಬಂದಿತ್ತಲ್ಲ, ಹದಿನೆಂಟು ಸಾವಿರಕ್ಕೆ ಬಿದ್ದಿತ್ತು. ಒಂದೂವರೆ ಲಕ್ಷ ದಾಟ್ತಿದ್ದಂಗೇ ಡಿಸ್ಚಾರ್ಜು, ಒಂದ್ ಮಾತ್ರೆನೂ ಕೊಡ್ನಿಲ್ಲ. ಕೊಬ್ರಿದು ಅದ್ಕೂ ಜಾಸ್ತಿ ಆಗ್ಯದೆ. ಇನ್ಯಾಕ್ ವಿಷ ತಿನ್ನುಸ್ತೀಯ? ನಿಲ್ಸು. ಬೇಕಾದ್ರೆ ಪರಂಗಿ ರಸ ಕುಡ್ಸು.

ಬರೀಬೋದು.

ನಿನ್
ಜ್ಯೋತಿ


ಯಳಂದೂರು
20 ಜುಲೈ

ಭವ್ಯಾ,

ಸ್ವಾಮಣ್ಣ ಏಳುದ್ರು, ಮೂರ್ ದಿನದಿಂದ ನೀನು ಕೊಳ್ಳೇಗಾಲದ ಕ್ಲಿನಿಕ್ಕಲ್ಲೇ ಇದ್ದೀಯ ಅಂತ. ನಂಗ್ಯಾಕೆ ಬರೀನಿಲ್ಲ? ಬ್ಲಾಕ್ ತೆಗ್ದೆ, ಇಪ್ಪತ್ ಸಲ ಫೋನ್ ಮಾಡ್ದೆ. ಎತ್ತಿಲ್ಲ.

ಆಮೇಲೆ ಡಾಕ್ಟ್ರಿಗೇ ಮಾಡ್ದೆ. ಯಾರು ಅಂತ ಏಳ್ನಿಲ್ಲ, ಕೊಬ್ರಿ ಎಂಗದೆ ಸಾ ಅಂದೆ. ಎರಡೂವರೆ ಸಾವಿರ ಅಂದ್ರು. ಅವ್ರು ಆಡಿದ್ದು ಇನ್ನೂ ಕಿವೀಲದೆ: "ಡೆಂಗ್ಯೂ ಬೇರೆ, ಇದು ಬೇರೆ ಕಣಮ್ಮ. ಇಲ್ಲಿ ಬಿಳಿ ಕಣ ಮಾತ್ರೆಗೆ ನಿದ್ದೆ ಹೋಗಿದ್ವು, ಸುಧಾರಿಸಿರಲಿಲ್ಲ. ತಟ್ಟಂತ ನಿಲ್ಲಿಸಿದ್ರೆ ಎದ್ದು ಮೊದಲಿಗಿಂತ ಜೋರಾಗಿ ಬೀಳ್ತವೆ. ಯಾರೋ ಯಳಂದೂರಿನ ಫ್ರೆಂಡ್ ನಿಲ್ಸು ಅಂತ ಬರೆದಿದ್ರಂತೆ."

ನಾನೇ ಸಾ ಆ ಫ್ರೆಂಡು ಅನ್ನದೆ ಫೋನ್ ಕಟ್ ಮಾಡ್ಬುಟ್ಟೆ.

ಭವ್ಯಾ, ನಾನು ಕೊಂದ್ಬುಟ್ನಾ? ನಂಗೇನ್ ಗೊತ್ತಿತ್ತು ಅಂತ ಬರ್ದೆ? ಫಾರ್ವರ್ಡ್ ಮೆಸೇಜ್ ಕಳ್ಸದಂಗೆ ಕಳ್ಸುಬುಟ್ಟೆ. ಅನ್ನ ಸೇರ್ತಿಲ್ಲ. ಹುರ್ಳಿ ಮಕ ನೋಡಕ್ಕಾಯ್ತಿಲ್ಲ. ನಾಳೆ ಅವನ್ನ ಕರ್ಕಂಡು ಬತ್ತೀನಿ. ಇನ್ನೊಂದ್ಸಲ ತಕಳ್ಲಿ, ಎಷ್ಟ್ ಬೇಕಾದ್ರೂ ತಕಳ್ಲಿ. ನೀನು ಮಕದ ಮೇಲೆ ಉಗಿ, ತಡ್ಕತೀನಿ. ಮಾತು ಮಾತ್ರ ಆಡು.

ಜ್ಯೋತಿ


ಕೊಳ್ಳೇಗಾಲ ಬಸ್ ಸ್ಟ್ಯಾಂಡು
22 ಜುಲೈ

ಭವ್ಯಾ,

ನಿನ್ನೆ ನೀನು ಗೋಡೆ ಕಡೆ ತಿರುಕ್ಕಂಡು ಕೂತಿದ್ದೆ. ನಾನು ಬಂದಿದ್ದು ಗೊತ್ತಾಯ್ತು ನಿಂಗೆ, ಬೆನ್ನು ಬಿಗಿ ಮಾಡ್ಕಂಡೆ. ಬೈದಿದ್ರೆ ಎಷ್ಟೋ ಸುಖ ಇತ್ತು.

ನೀನು ನೋಡ್ನಿಲ್ಲ, ಅದ್ಕೆ ಬರೀತೀನಿ. ಡಾಕ್ಟ್ರು ಗಾಜಿನ ಮೇಲೆ ಕೊಬ್ರಿದೊಂದು ತೊಟ್ಟು, ಹುರ್ಳಿದೊಂದು ತೊಟ್ಟು ಆಕಿ ಅಲ್ಲಾಡ್ಸುದ್ರು. ಒಡದೋದ ಹಾಲ್ನಂಗೆ ಕಾಳ್ ಕಾಳಾಗೋಯ್ತು. "ಆಗಲ್ಲಮ್ಮ" ಅಂದ್ರು. "ಮೊದಲನೇ ಸಲ ಅವಳ ಮೈಗೆ ಇವನು ಯಾರು ಅಂತ ಗೊತ್ತಿರಲಿಲ್ಲ, ಬಿಟ್ಕೊಳ್ತು. ಈಗ ನೆನಪಿಟ್ಕೊಂಡಿದೆ. ಈ ರಕ್ತ ಹಾಕಿದ್ರೆ ನಾವೇ ಸಾಯಿಸ್ದಂಗೆ. ಬೇರೆ ನಾಯಿ ತನ್ನಿ, ಇನ್ನೆರಡು ದಿನದಲ್ಲಿ."

ಹುರ್ಳಿ ಅವ್ನ ಪಾಡಿಗೆ ಕತ್ತು ಚಾಚ್ಕಂಡು ನಿಂತಿದ್ದ ಕಣೆ. ಚುಚ್ಲಿ ಅಂತ.

ಅವನ್ನ ಮನೇಲಿ ಬುಟ್ಟು ಬಂದಿದ್ದೀನಿ. ಈಗ ಒಡೆಯರಪಾಳ್ಯದ ಬಸ್ಸಿಗೆ ಕಾಯ್ತಿದ್ದೀನಿ. ಅಲ್ಲಿ ಟಿಬೆಟ್‌ನೋರು ದೊಡ್ಡ ದೊಡ್ಡ ನಾಯಿ ಸಾಕವ್ರೆ, ಇಂಜೆಕ್ಷನ್ನೂ ಆಕುಸ್ತಾರೆ ಅಂತ ಸ್ವಾಮಣ್ಣ ಏಳುದ್ರು. ಗುರ್ತಿನೋರು ಒಬ್ರಿಲ್ಲ. ಭಾಷೆ ಬರದಿಲ್ಲ. ಫೋನಲ್ಲಿ ಕೊಬ್ರಿ ಫೋಟೋ ಅದೆ, ಅದ ತೋರ್ಸ್ತೀನಿ. ಮನೆ ಮನೆ ಬಾಗ್ಲು ತಟ್ತೀನಿ. ಸಿಕ್ಕೋವರ್ಗೂ ಬರದಿಲ್ಲ.

ನನ್ನಿಂದ ಆದದ್ದು. ನಾನೇ ಸರಿ ಮಾಡ್ಬೇಕು.

ಜ್ಯೋತಿ


ಕೊಳ್ಳೇಗಾಲ, ಕ್ಲಿನಿಕ್ಕು
24 ಜುಲೈ, ಬೆಳಿಗ್ಗೆ ಹನ್ನೊಂದೂಕಾಲು

ಜ್ಯೋತಿ,

ನೀನು ನನ್ನಿಂದ ಮೂರಡಿ ದೂರದಲ್ಲಿ ಕೂತಿದ್ದೀಯ. ಬಾಯಲ್ಲಿ ಹೇಳೋಕೆ ಆಗ್ತಿಲ್ಲ, ಅದಕ್ಕೆ ಡಾಕ್ಟ್ರ ಚೀಟಿ ಹಿಂದೆ ಬರೀತಿದ್ದೀನಿ. ಏನು ಬರೀತಿದ್ದೀಯ ಅಂತ ನೀನು ಎರಡು ಸಲ ಕೇಳ್ದೆ. ಇದೇ.

ಒಡೆಯರಪಾಳ್ಯದಲ್ಲಿ ಹತ್ತೊಂಬತ್ತು ಮನೆ ತಟ್ಟಿದ್ದೀಯ. ಇಪ್ಪತ್ತನೇ ಮನೆ ಡೋಲ್ಮಾ ಅಜ್ಜಿ ಕೊಬ್ರಿ ಫೋಟೋ ಹಣೆಗೆ ಒತ್ಕೊಂಡು, ನಲವತ್ತೆರಡು ಕೆಜಿ ನಾಯೀನೂ ಕರ್ಕೊಂಡು ನಿನ್ನ ಜೊತೆ ಜೀಪ್ ಹತ್ತಿದ್ರಂತೆ. ಈಗ ಬೆಂಚಿನ ಮೇಲೆ ಕೂತು ಜಪಮಣಿ ಎಣಿಸ್ತಾ ಅವ್ರೆ. ಗಾಜಿನ ಮೇಲೆ ತೊಟ್ಟು ಕಾಳಾಗಲಿಲ್ಲ. ನುಣ್ಣಗೆ ಬೆರೀತು. ರಕ್ತ ಇಳೀತಾ ಅದೆ. "ಉಳಿಯೋ ಆಸೆ ಅರ್ಧಕ್ಕರ್ಧ, ಇವತ್ತು ದಾಟಬೇಕು" ಅಂದ್ರು ಡಾಕ್ಟ್ರು. ನೀನು ಅತ್ತುಬಿಟ್ಟೆ. ನನ್ನ ಕಡೆ ತಿರುಗಿ "ನನ್ ತಪ್ಪು, ನನ್ ತಪ್ಪು" ಅಂದೆ.

ನಿನ್ನ ತಪ್ಪಲ್ಲ.

ನಿನ್ನ ಕಾಗ್ದದ ಮೇಲೆ ಜುಲೈ ಆರು ಅಂತ ಅದೆ. ಸ್ವಾಮಣ್ಣ ಅದನ್ನ ನಂಗೆ ಕೊಟ್ಟಿದ್ದು ಎಂಟಕ್ಕೆ. ನಾನು ಮಾತ್ರೆ ನಿಲ್ಲಿಸಿದ್ದು ನಾಲ್ಕನೇ ತಾರೀಕು.

ಅವತ್ತು ಕೊಬ್ರಿ ಪಡಸಾಲೇಲಿ ಮೂರನೇ ಸಲ ಉಚ್ಚೆ ಹೊಯ್ದಿದ್ಲು. ಅಜ್ಜಿ "ಇವತ್ತಿಂದ ಇದು ದನಿನ ಕೊಟ್ಗೇಲಿರ್ಲಿ" ಅಂದ್ರು. ಕೊಟ್ಟಿಗೆ ತುಂಬ ಉಣ್ಣೆ. ಆಗಲ್ಲ ಅಜ್ಜಿ, ಅಂತ ಎರಡು ಮಾತು ಅನ್ನಬೇಕಿತ್ತು, ಅಷ್ಟೇ. ನಂಗೆ ಬರಲ್ಲ ಅದು. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಜ್ಜಿ ಹತ್ರ ಮಾತಾಡೋ ಬದಲು ಮಾತ್ರೆ ನಿಲ್ಲಿಸ್ದೆ. ಮಾತ್ರೆ ನಿಂತ್ರೆ ನೀರು ಕುಡಿಯೋದು ನಿಲ್ತದೆ, ಉಚ್ಚೆ ನಿಲ್ತದೆ, ಅಜ್ಜಿ ಸುಮ್ನಾಗ್ತಾರೆ. ಒಂದೂವರೆ ಲಕ್ಷ ದಾಟ್ಯದಲ್ಲ ಅಂತ ನಂಗೆ ನಾನೇ ಹೇಳ್ಕೊಂಡೆ. ಡೆಂಗ್ಯೂ ಬಂದೋರೆಲ್ಲ ಹೇಳೋದು ಅದೇ ಲೆಕ್ಕ ತಾನೆ, ನಮ್ಮೂರಲ್ಲೂ.

ನಾಲ್ಕು ದಿನ ಆದ್ಮೇಲೆ ನಿನ್ನ ಕಾಗ್ದ ಬಂತು. "ನಿಲ್ಸು" ಅಂತ ಓದಿ ಎಷ್ಟು ಹಗುರಾಯ್ತು ಗೊತ್ತಾ? ಆಗಲೂ ತಿರುಗಿ ಶುರು ಮಾಡ್ಬೋದಿತ್ತು. ಮಾಡ್ಲಿಲ್ಲ. ಹದಿನೇಳಕ್ಕೆ ಇಲ್ಲಿಗೆ ತಂದಾಗ ಡಾಕ್ಟ್ರು "ಯಾರು ನಿಲ್ಲಿಸಿದ್ದು?" ಅಂತ ಕೂಗಿದ್ರು. ನಾನು ಬ್ಯಾಗಿಂದ ನಿನ್ನ ಕಾಗ್ದ ತೆಗ್ದು ಅವ್ರ ಮುಂದೆ ಇಟ್ಟೆ.

ನೀನು ಫೋನ್ ಮಾಡ್ತಿದ್ದೆ, ನಾನು ನೋಡ್ತಿದ್ದೆ. ಗೋಡೆ ಕಡೆ ತಿರುಗಿದ್ದು ನಿನ್ನ ಮೇಲಿನ ಕೋಪಕ್ಕಲ್ಲ. ನಿನ್ನ ಮುಖ ನೋಡಿದ್ರೆ ಬಾಯಿ ಬಿಟ್ಟುಬಿಡ್ತೀನಿ ಅನ್ನೋ ಭಯಕ್ಕೆ.

ಇದನ್ನ ಮಡಚಿ ನಿನ್ನ ತೊಡೆ ಮೇಲೆ ಇಡ್ತೀನಿ. ಡಾಕ್ಟ್ರಿಗೂ ಹೇಳ್ತೀನಿ, ಈಗಲೇ, ಬಾಯಲ್ಲೇ. ಓದಿದ ಮೇಲೆ ನಿಂಗೆ ಹೆಂಗೆ ತೋಚ್ತದೋ ಹಂಗೆ ಮಾಡು. ಹೊಡಿ. ಡೋಲ್ಮಾ ಅಜ್ಜಿ ಎದುರಿಗೇ ಉಗಿ. ಇನ್ನು ಯಾವತ್ತೂ ಮುಖ ತೋರಿಸ್ಬೇಡ ಅನ್ನು.

ಆದ್ರೆ ಒಂದೇ ಕೈಯಲ್ಲಿ ಓದು ಜ್ಯೋತಿ. ಕೊಬ್ರಿದು ಸೂಜಿ ಇರೋ ಕಾಲು ನಿನ್ನ ಇನ್ನೊಂದು ಕೈಲಿದೆ, ನಾನು ಹಿಡಿದ್ರೆ ಅವಳು ಕೊಸರಾಡ್ತಾಳೆ. ಚೀಲದಲ್ಲಿ ರಕ್ತ ಇನ್ನೂ ಅರ್ಧ ಅದೆ. ಅದು ಮುಗಿಯೋ ತನಕ ಏಳಬೇಡ.

ಭವ್ಯಶ್ರೀ